ಹುಳು ತಿಂದ ಕಾಗದ

"ದೂರ ನಿಂತ್ಕೊಳ್ಳೇ ಮುಂಡೆ. ನಿನ್ನ ಕೈ ನಾತಕ್ಕೆ ವಾಂತಿ ಬರುತ್ತೆ. ಇವಳಂತೆ, ಕಂಪನಿ ಓನರ್ರು."

ಮ್ಯಾನೇಜರ್ ಕೆಂಪರಾಜು ಮೂಗಿಗೆ ಕರ್ಚೀಫು ಒತ್ತಿಕೊಂಡ. ಮಾಲೀಕರ ಅಳಿಯ, ಬೆಂಗಳೂರಿನವನು. ಅಕ್ಕೂರಿನ ಈ ರೇಷ್ಮೆ ಕಂಪನಿಗೆ ಬಂದ ಮೇಲೆ ಹುಳು ಸಾಕುವ ಮನೆಯೊಳಗೆ ಒಮ್ಮೆಯೂ ಕಾಲಿಟ್ಟವನಲ್ಲ. ಮುನಿಯಮ್ಮ ಹಿಂದೆ ಸರಿದಳು. ದಿನವೂ ಗೂಡು ಬೇಯಿಸಿ ನೂಲು ತೆಗೆಯುವ ಕೈ. ಸೋಪಿಗೆ ಜಗ್ಗುವ ನಾತವಲ್ಲ.

ಬೋನಸ್ಸಿನ ಬದಲು ಷೇರು ಕೊಡ್ತೀವಿ, ಇನ್ನು ನೀವೂ ಮಾಲೀಕರೇ ಎಂದು ಹೆಂಗಸರ ಹೆಬ್ಬೆಟ್ಟು ಒತ್ತಿಸಿಕೊಂಡವರು, ಹೈವೇ ಪಕ್ಕದ ಕಂಪನಿ ಜಮೀನನ್ನು ಸದ್ದಿಲ್ಲದೆ ಮಾರಿದ್ದರು. ಪಾಲು ಕೇಳಿದರೆ ಲಾಸು ಅಂದರು. ಮುನಿಯಮ್ಮ, ಅವಳ ಜೊತೆ ನೂಲು ತೆಗೆಯುವ ಬದ್ರುನ್ನೀಸಾ ಸೇರಿ ಕೇಸು ಹಾಕಿದರು. ಮಾರಾಟದ ಕಾಗದವನ್ನೆಲ್ಲ ಷೇರುದಾರರಿಗೆ ತೋರಿಸಬೇಕೆಂದು ಕೋರ್ಟು ಹೇಳಿತು. ಅವು ಹೊರಗೆ ಬರದಿದ್ದರೆ ಕೇಸೂ ಇಲ್ಲ, ಪಾಲೂ ಇಲ್ಲ. ಅವನ್ನು ಒಯ್ಯಲೆಂದೇ ಇವತ್ತು ಕೋರ್ಟು ಕಳಿಸಿದ ಲಾಯರಮ್ಮ ಸೌಮ್ಯ ಬಂದು ಕೂತಿದ್ದರು.

"ಎಲ್ಲಿ ಕಾಗದ?"

"ಇಲ್ಲ ಮೇಡಂ. ಹುಳು ಮನೇಲಿ ಇಟ್ಟಿದ್ವಿ. ರೇಷ್ಮೆ ಹುಳುಗಳು ಎಲ್ಲಾ ತಿಂದುಹಾಕಿವೆ. ಕೋರ್ಟಿಗೆ ಹಾಗಂತ್ಲೇ ಜವಾಬು ಬರೆದು ಸೀಲು ಹಾಕಿದೀನಿ, ತಗೊಳ್ಳಿ."

ಸೌಮ್ಯ ಪಕ್ಕದ ಕೂಟಗಲ್ಲಿನ ಹುಡುಗಿ, ಹುಳು ಸಾಕುವ ಮನೆಯಲ್ಲೇ ಬೆಳೆದವರು. ಪೆನ್ನು ಗಾಳಿಯಲ್ಲೇ ನಿಂತಿತು. "ಹಿಪ್ಪುನೇರಳೆ ಸೊಪ್ಪು ಬಿಟ್ಟು ಕಾಗದ ತಿಂದ್ವಾ?"

"ಭಾರಿ ಹೊಟ್ಟೆಬಾಕ ಜಾತಿ ಮೇಡಂ."

ಬಾಗಿಲಲ್ಲಿದ್ದ ಬದ್ರುನ್ನೀಸಾ ಸೆರಗಿನೊಳಗೇ ಅಂದಳು: "ಅದ್ಕೇ ಕಣಕ್ಕ, ಈ ಸಲ ಗೂಡಿನ್ ಮ್ಯಾಲೆ ಸೈನೂ ಸೀಲೂ ಬಂದೈತೆ. ಇವ್ನ್ ಬಾಯಿಗ್ ಮಣ್ಣಾಕ."

ಮುನಿಯಮ್ಮ ನಗಲಿಲ್ಲ. ಹೊರಗೆ ಹೋಗಿ, ಹುಳು ತುಂಬಿದ ಬಿದಿರು ತಟ್ಟೆ ತಂದು ಮೇಜಿನ ಮೇಲೆ ಕುಕ್ಕಿದಳು. ಕಂಪನಿಯ ಜವಾಬನ್ನು ಎತ್ತಿ ಹುಳುಗಳ ಮುಂದೆ ಹಾಸಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಲಾಯರಮ್ಮನ ಪಕ್ಕವೇ ಕೂತಳು.

"ಏಯ್, ಯಾರೇ ನಿನ್ನ ಕೂರು ಅಂದಿದ್ದು?"

"ಅಸ್ದವೆ ಬುದ್ಧಿ. ಬೆಳಗ್ಗಿಂದ ಸೊಪ್ಪಾಕಿಲ್ಲ. ತಿನ್ಲಿ, ಒಸಿ ಕಾಯಾಣ."

ಹುಳುಗಳು ತಲೆ ಎತ್ತಿ ಜವಾಬನ್ನು ಮೂಸಿದವು. ಒಂದೂ ಬಾಯಿ ಹಾಕದೆ ಅದರ ಮೇಲೇ ನಡೆದವು. ಒಂದು ಹುಳು ಸರಿಯಾಗಿ ಕಂಪನಿ ಸೀಲಿನ ಮೇಲೆ ಹಿಕ್ಕೆ ಹಾಕಿ, ಮೇಜಿಗಿಳಿದು ಕೆಂಪರಾಜುವಿನ ತೋಳು ಹತ್ತಿತು. ಅವನು ಕುರ್ಚಿಯ ಮೇಲೆ ಹತ್ತಿ ನಿಂತ.

"ಹಿಕ್ಕೇನೂ ಬರ್ಕಳ್ಳಿ ಅವ್ವ," ಅಂದಳು ಮುನಿಯಮ್ಮ. ಸೌಮ್ಯ ತುಟಿ ಕಚ್ಚಿಕೊಂಡು ಬರೆದರು.

"ಯಾರಾದ್ರೂ ಬನ್ರೋ, ಇವಳನ್ನ ಆಚೆ ಹಾಕ್ರೋ."

ಬಂದರು. ನೂಲು ತೆಗೆಯುವ ಹೆಂಗಸರೆಲ್ಲ ಬಂದರು, ತಲೆಯ ಮೇಲೆ ಒಂದೊಂದು ತಟ್ಟೆ. ಮೇಜು ತುಂಬಿತು, ಕಿಟಕಿ ತುಂಬಿತು, ಕೊನೆಗೆ ನೆಲ. ಮುನಿಯಮ್ಮ ಅವನ ಬೆನ್ನ ಹಿಂದೆ ಬೀಗ ಜಡಿದಿದ್ದ ಕಾಗದಪತ್ರದ ಬೀರು ನೋಡುತ್ತ ಕೈ ಚಾಚಿದಳು.

"ಬೀಗದ ಕೈ ಕೊಡೋಗಂಟ ಇವು ಇಲ್ಲೇ ಇರ್ಲಿ."