ಎದುರಿಗೇ ಬೈಯುವವಳು

ದಕ್ಷಿಣ ಆಫ್ರಿಕಾದ ಡರ್ಬನ್ನಿನ ಕಡಲದಂಡೆಯ ಹೋಟೆಲಿನ ಅಡುಗೆಮನೆಗೆ ಚಿಯೆದ್ಜಾ ಇಂಟರ್ನ್ ಆಗಿ ಸೇರಿದ ದಿನವೇ ಇನ್ನೊಬ್ಬ ಇಂಟರ್ನ್ ನೊಮ್ಸೆಬೊ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾಕೆ, ಜಿಂಬಾಬ್ವೆಲಿ ಒಲೆಗಳೇ ಇಲ್ವಾ?" ಎಂದಳು. ಇಂಟರ್ನ್‌ಗಳು ಮೂವರು ಹುಡುಗಿಯರು, ಕೊನೆಗೆ ಕಾಯಂ ಆಗುವವಳು ಒಬ್ಬಳೇ. ಬಂದ ದಿನವೇ ಜಗಳ ಬೇಡವೆಂದು ಚಿಯೆದ್ಜಾ ಏಪ್ರನ್ ಕಟ್ಟಿಕೊಂಡು ಕೆಲಸಕ್ಕೆ ಇಳಿದಳು.

ಮೂರನೆಯವಳು ಥಂಡೇಕಾ. "ಅವಳ ಮಾತು ಮನಸ್ಸಿಗೆ ಹಚ್ಕೋಬೇಡ ಕಣೇ," ಎಂದು ಹೆಗಲ ಮೇಲೆ ಕೈ ಹಾಕಿದಳು. ಹಿತ್ತಲ ಕಟ್ಟೆಯ ಮೇಲೆ ಕೂತು, ಬ್ರೆಡ್ಡಿನ ಹೊಟ್ಟೆ ಬಗೆದು ಸಾರು ತುಂಬಿಸಿದ ಬನ್ನಿಚೌ ಅರ್ಧ ಮುರಿದು ಕೊಟ್ಟಳು. ಊರು ಬಿಟ್ಟು ಬಂದ ಮೇಲೆ ಚಿಯೆದ್ಜಾ ಬಾಯ್ತುಂಬ ನಕ್ಕಿದ್ದು ಅಲ್ಲೇ. ಒಂದು ದಿನ ಅದೇ ಸಲಿಗೆಯಲ್ಲಿ ಅವಳು ಥಂಡೇಕಾಳಿಗೆ, "ನಮ್ಮ ಗುಮೆಡೆ ಮಾಡೋ ಮೀನುಸಾರು ಪಾತ್ರೆ ತೊಳೆದ ನೀರು ಕಣೇ," ಎಂದುಬಿಟ್ಟಳು.

ಮರುದಿನ ಬೆಳಿಗ್ಗೆ ಮುಖ್ಯ ಬಾಣಸಿಗ ಗುಮೆಡೆ ಎಲ್ಲರೆದುರು ಸೌಟು ಕುಕ್ಕಿದ. "ಏನಮ್ಮಾ ಮಹಾರಾಣಿ, ನನ್ನ ಸಾರು ಪಾತ್ರೆ ತೊಳೆದ ನೀರಂತೆ?"

ಅಂದಿನಿಂದ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ದಿನವಿಡೀ ಸಿಗಡಿ ಸುಲಿಯುವುದೇ ಕೆಲಸ. ಬೆರಳುಗಳೆಲ್ಲ ಗೀರಿ ಉರಿಯುತ್ತಿದ್ದವು. ಒಂದು ವಾರ ಹಲ್ಲು ಕಚ್ಚಿಕೊಂಡಿದ್ದವಳು ಕೊನೆಗೆ ನೊಮ್ಸೆಬೊಳನ್ನು ಮೀನು, ಮಾಂಸ ಇಡುವ ಶೀತಲಕೋಣೆಯಲ್ಲಿ ಅಡ್ಡಗಟ್ಟಿದಳು.

"ಚಾಡಿ ಹೇಳಿದ್ದು ನೀನೇ ತಾನೆ?"

"ನೋಡೇ ಪರದೇಶಿ, ನಿನ್ನ ಮುಖ ಕಂಡ್ರೆ ನಂಗಾಗಲ್ಲ. ನೀವು ಬಂದು ಅರ್ಧ ಸಂಬಳಕ್ಕೆ ದುಡೀತೀರಿ, ನಮ್ಮಣ್ಣ ಮನೇಲಿ ಕೂತಿದಾನೆ. ಇದನ್ನ ನಿನ್ನೆದುರಿಗೇ ಹೇಳ್ತಿದೀನಿ. ಗುಮೆಡೆ ಕಿವಿ ಯಾಕೆ ಕಚ್ಚಲಿ? ಆ ಸಾರಿನ ಮಾತು ಯಾರ ಹತ್ರ ಆಡಿದ್ಯೋ, ಅವಳನ್ನ ಕೇಳು ಹೋಗು!"

ಚಿಯೆದ್ಜಾ ನೇರ ಥಂಡೇಕಾಳ ಬಳಿ ಹೋದಳು. ಅವಳು ಕಣ್ಣು ತಪ್ಪಿಸಲೂ ಇಲ್ಲ.

"ಇರೋದು ಒಂದೇ ಕೆಲ್ಸ ಕಣೇ. ಬೇಜಾರು ಮಾಡ್ಕೋಬೇಡ. ಊಟಕ್ಕೆ ಬಾ."

ಚಿಯೆದ್ಜಾ ಅಂದು ಕಟ್ಟೆಗೆ ಹೋಗಲಿಲ್ಲ. ತಟ್ಟೆ ಹಿಡಿದು ನೊಮ್ಸೆಬೊಳ ಬೆಂಚಿನ ತುದಿಯಲ್ಲಿ ಕೂತಳು.

"ಇಲ್ಯಾಕೆ ಬಂದೆ?"

"ಬೈಸ್ಕೊಳ್ಳೋಕೆ. ನೀನಾದ್ರೆ ಎದುರಿಗೇ ಬೈತೀಯ. ಆದ್ರೆ ಕೇಳು, ನಿಮ್ಮಣ್ಣನ ಕೆಲ್ಸ ಕಿತ್ಕೊಂಡಿದ್ದು ನಾನಲ್ಲ."

ನೊಮ್ಸೆಬೊ ಬೆಂಚಿನ ಮೇಲಿದ್ದ ತನ್ನ ಚೀಲವನ್ನು ನೆಲಕ್ಕಿಟ್ಟಳು. "ಇದೇನು ಮುದ್ದೆಯೋ, ಇಟ್ಟಿಗೆಯೋ?" ಎಂದು ಚಿಯೆದ್ಜಾಳ ತಟ್ಟೆಯತ್ತ ಮೂಗು ಮುರಿದಳು.

"ನಿಮ್ಮ ಕಡೆ ಮುದ್ದೆ ಗೋಡೆಗೆ ಪೋಸ್ಟರ್ ಅಂಟಿಸೋ ಗೋಂದು."

ಆಮೇಲೆ ದಿನವೂ ಅಲ್ಲಿಯೇ ಊಟ, ದಿನವೂ ಜಗಳ.

ಕೆಲಸ ಥಂಡೇಕಾಳಿಗೇ ಸಿಕ್ಕಿತು. ಚಿಯೆದ್ಜಾ ಊರಿಗೆ ಹೊರಡುವ ದಿನ ಥಂಡೇಕಾ ಅವಳನ್ನು ತಬ್ಬಿಕೊಂಡು ಅತ್ತಳು. ಚಿಯೆದ್ಜಾ ಕಂಬದಂತೆ ನಿಂತಿದ್ದಳು. ನೊಮ್ಸೆಬೊ ಬಸ್ ನಿಲ್ದಾಣದವರೆಗೂ ಅವಳ ಪೆಟ್ಟಿಗೆಯ ಒಂದು ಬದಿಯ ಹಿಡಿಕೆ ಹಿಡಿದು, ದಾರಿಯುದ್ದಕ್ಕೂ ಶಪಿಸುತ್ತ ಬಂದು, ಬಸ್ಸು ಹೊರಡುವ ಮೊದಲೇ ಬೆನ್ನು ತಿರುಗಿಸಿ ನಡೆದುಬಿಟ್ಟಳು.

ಗಡಿ ದಾಟಿ ಚಿಯೆದ್ಜಾ ಜಿಂಬಾಬ್ವೆಯ ಮುಟಾರೆಯಲ್ಲಿ ಇಳಿದಾಗ ಫೋನಿನಲ್ಲಿ ನೊಮ್ಸೆಬೊಳ ಸಂದೇಶವಿತ್ತು: "ಏ ಪರದೇಶಿ, ಬದುಕಿದೀಯೋ, ಸತ್ತಿದೀಯೋ?"