ರವಿವಾರದ ದನಿ

ಮೂರನೆಯ ಸಾಲಿನ ತುದಿ ಹತ್ತಿರ ಬಂದಿತು. ಬಾಗಿಲ ಮರೆಯಲ್ಲಿ ಕೂತಿದ್ದ ಮಾದೇವಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಉಸಿರು ಹಿಡಿದಳು. ಷಟ್ಪದಿಯ ಮೂರನೆಯ ಸಾಲು ಮೊದಲೆರಡಕ್ಕಿಂತ ಉದ್ದ. ಅದರ ಕೊನೆಯ ಅಕ್ಷರವನ್ನು ಎಳೆದು, ಮೇಲಕ್ಕೆ ಒಯ್ದು, ಮೆಲ್ಲಗೆ ಇಳಿಸಿ ಬಿಡಬೇಕು. ದನಿ ಮೇಲಕ್ಕೇನೋ ಹೋಯಿತು. ಇಳಿಯುವಾಗ ಎಲ್ಲೋ ಒಂದು ಎಳೆ ಸಿಕ್ಕಿಕೊಂಡು, ಹರಿದು, "ಖ್ಹ... ಖ್ಹಕ್" ಎಂದು ನಿಂತುಬಿಟ್ಟಿತು.

ಜಗಲಿಯಲ್ಲಿದ್ದ ಮೂವತ್ತು ಮಂದಿ ಆ ಸಪ್ಪಳಕ್ಕೆ ಒಗ್ಗಿಹೋಗಿದ್ದರು. ಪುರಾಣ ಓದುತ್ತಿದ್ದ ಅವಳ ಗಂಡ ಮಾಬ್ಲೇಶ್ವರ ಮಾಸ್ತರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಬ್ಬ ಎಲೆಗೆ ಸುಣ್ಣ ಹಚ್ಚಿದ, ಇನ್ನೊಬ್ಬ ಜೋಮು ಹಿಡಿದ ಕಾಲನ್ನು ಚಾಚಿದ. ಮನೆಯ ಯಜಮಾನರಾದ ಗಾಣದ ಲಿಂಗಪ್ಪ ನಾಯ್ಕರು ಜಗಲಿಯ ಅಂಚಿಗೆ ಬಗ್ಗಿ ಬಾಯಿಯ ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದು, ಹೊಸ ಕವಳ ಹಾಕಿಕೊಂಡು ಬಂದು ಕೂತರು. ಎದುರಿಗೇ ಕೂತಿದ್ದ ದೇವಪ್ಪ ಮಾತ್ರ ತನ್ನ ಚಾಪೆಯನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡ. ನಿನ್ನೆಯೂ ಒಂದು ಮೊಳ ಎಳೆದಿದ್ದ.

ಮಾದೇವಿ ಆ ಎರಡು ಮೊಳವನ್ನು ಕಣ್ಣಲ್ಲೇ ಅಳೆದಳು.

ಎರಡು ವರ್ಷದಿಂದ ಮಾಸ್ತರಿಗೆ ಹೀಗೆ. ಕೆಮ್ಮಿಲ್ಲ, ಜ್ವರವಿಲ್ಲ, ಎದೆ ಉರಿಯಿಲ್ಲ, ಹುಳಿತೇಗಿಲ್ಲ. ಗಂಟಲಲ್ಲಿ ಒಂದು ಉಂಡೆ ಕೂತಂತೆ. ನುಂಗಿದರೆ ಇಳಿಯುವುದಿಲ್ಲ, ಕ್ಯಾಕರಿಸಿದರೆ ಬರುವುದಿಲ್ಲ, ಬಂದರೂ ಬಿಳಿಯ ಲೋಳೆ ಒಂದು ಚೂರು. ಬೆಳಗಿನ ಜಾವವಂತೂ ದನಿಯೇ ಹೊರಡದು. ಊರಿನವರು ಬಾಯಿಬಿಟ್ಟು ಹೇಳದ ಶಬ್ದ ಕ್ಷಯ. ತಮ್ಮೂರು ಕಾಸರಕೋಡಿನಿಂದ ಹೊಳೆ ದಾಟಿ ಹೊನ್ನಾವರದ ದವಾಖಾನೆಗೂ ಹೋಗಿ ಬಂದದ್ದಾಗಿತ್ತು. ಡಾಕ್ಟರು ಎದೆಗೆ ನಳಿಗೆ ಇಟ್ಟು, ಬೆನ್ನು ಬಡಿದು, "ಕ್ಷಯ ಅಲ್ಲ ಮಾಸ್ತರೇ, ಎದೆ ಸ್ವಚ್ಛ ಇದೆ. ಈ ಕಫ ಎಲ್ಲಿಂದ ಬರ್ತದೆ ಅಂತ ಮಾತ್ರ ನನಗೂ ತಿಳಿಯೂದಿಲ್ಲ" ಅಂದಿದ್ದರು. ಮೊದಲಿನ ಮಾತನ್ನು ಊರು ನಂಬಲಿಲ್ಲ. ಎರಡನೆಯದನ್ನು ಎಲ್ಲರೂ ನಂಬಿದರು.

ಓದು ಮುಗಿದು ಜನ ಏಳುತ್ತಿದ್ದಂತೆ ಲಿಂಗಪ್ಪ ನಾಯ್ಕರು ಮಾಸ್ತರ ಪಕ್ಕಕ್ಕೆ ಬಂದು ಕೂತರು. ಮಾದೇವಿ ಒಳಗೇ ನಿಂತಳು.

"ಮಾಸ್ತರೇ, ಒಂದು ಮಾತು. ಬೇಜಾರು ಮಾಡೂಕಾಗ. ಶ್ರಾವಣದ ಕಡೇ ಶನಿವಾರ ಓದಿನ ಮಂಗಲ. ನಾಕೂರ ಜನ ಬತ್ತರು. ಆ ದಿನ ಒಂದು ಮಟ್ಟಿಗೆ ಕುಮಟೆಯ ಅನಂತಮೂರ್ತಿ ಭಟ್ಟರನ್ನ ಕರೆಸುವ ಅಂತ ಮಾಡ್ದೆ."

ಮಾಸ್ತರು ಪುಸ್ತಕಕ್ಕೆ ಬಟ್ಟೆ ಸುತ್ತುತ್ತಿದ್ದರು. ಕೈ ನಿಲ್ಲಲಿಲ್ಲ. "ಅಡ್ಡಿಲ್ಲ ನಾಯ್ಕರೇ," ಅಂದರು. ಅಷ್ಟು ಹೇಳುವುದಕ್ಕೂ ಒಮ್ಮೆ ಗಂಟಲು ಕೆರೆಯಬೇಕಾಯಿತು.

"ಇನ್ನೂ ಮೂರು ವಾರ ಅದೆ. ಮುಂಚಿನ ದಿನ ಸುಕ್ರವಾರ ಒಂದ್ಸಲ ಕೇಳುವ. ಸಮ ಆದ್ರೆ ನೀವೇ. ಅಪ್ಪನ ಕಾಲದ ಪೀಠ ನಿಮ್ಮದು, ನಾ ತಪ್ಪಿಸುವವನಲ್ಲ. ಏ, ಮಾಸ್ತರಿಗೆ ಇನ್ನೊಂದು ಲೋಟ ಕಷಾಯ ತನ್ನಿ!"

ಕರಿಮೆಣಸು, ಒಣಶುಂಠಿ ಜಜ್ಜಿ ಕುದಿಸಿದ ಕಷಾಯ. ಓದಿಗೆ ಮುಂಚೆ ಒಂದು ಲೋಟ, ಆದ ಮೇಲೆ ಒಂದು ಲೋಟ. ಮನೆಗೆ ಬಂದರೆ ಅತ್ತೆ ಮಾಸ್ತಮ್ಮ ಮತ್ತೊಂದು ಲೋಟ ಹಿಡಿದು ಕಾದಿರುತ್ತಿದ್ದಳು. "ಕುಡಿ ತಮಾ, ಕಫ ಕರಗ್ತದೆ," ಎನ್ನುತ್ತಿದ್ದಳು. ಖಾಲಿ ಹೊಟ್ಟೆಯಲ್ಲಿ ಕಫ ಏರುತ್ತದೆ ಎಂದು ಅನ್ನದ ಮೇಲೆ ಅನ್ನ, ಅದರ ಮೇಲೆ ಹುಳಿ ಬಡಿಸುತ್ತಿದ್ದಳು. ಯುದ್ಧದ ದೆಸೆಯಿಂದ ಚಿಮಣಿ ಎಣ್ಣೆಗೆ ಚೀಟಿ ಬಂದ ಮೇಲೆ ಸುಮ್ಮನೆ ದೀಪ ಉರಿಸುವಂತಿರಲಿಲ್ಲ; ಕೈ ತೊಳೆದ ಕೂಡಲೇ ದೀಪ ಆರಿಸಿ ಮಲಗುವುದು ಮನೆಯ ಪದ್ಧತಿಯಾಗಿಹೋಗಿತ್ತು.

ಮಾದೇವಿಗೆ ಓದು ಬಾರದು. ತವರೂರು ಮಂಕಿಯಲ್ಲಿ ಅವಳ ಅಪ್ಪ ದೋಣಿ ಕಟ್ಟುವ ಆಚಾರಿಗಳ ಹತ್ತಿರ ಹಲಗೆ ಹೊರುತ್ತಿದ್ದವನು. ಎಲ್ಲಿ ಪುರಾಣ ನಡೆದರೂ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಅಕ್ಷರ ಕಣ್ಣಿಗೆ ಹತ್ತದಿದ್ದರೂ ಪದ್ಯಗಳು ಕಿವಿಗೆ ಹತ್ತಿದ್ದವು. ಮದುವೆಯಾಗಿ ಬಂದ ಮೊದಲ ಶ್ರಾವಣದಲ್ಲಿ ಗಂಡನ ದನಿ ಕೇಳಿದಾಗ, ಈ ಮನೆಯಲ್ಲಿ ಉಪವಾಸ ಬಿದ್ದರೂ ಬದುಕಬಹುದು ಅನ್ನಿಸಿತ್ತು ಅವಳಿಗೆ. ಈಗ ಹೊಳೆ ದಂಡೆಯಲ್ಲಿ ಮುಂದೆ ನಡೆಯುತ್ತಿದ್ದ ಆ ಮನುಷ್ಯ ಪುಸ್ತಕದ ಗಂಟನ್ನು ಹಸುಗೂಸಿನ ಹಾಗೆ ಎದೆಗೆ ಒತ್ತಿಕೊಂಡಿದ್ದ.

ಸೋಮವಾರ ಬೆಳಿಗ್ಗೆ ಮಾದೇವಿ ನೀರು ಸೇದುತ್ತಿದ್ದಾಗ ಪಕ್ಕದ ಮನೆಯ ಮಂಜಿ ಕೊಡ ಕುಕ್ಕಿ ನಿಂತಳು. ಹೊಳೆಯಲ್ಲಿ ಬಳಚು ಚಿಪ್ಪುಗಳನ್ನು ಹೆಕ್ಕಿ ಹೊನ್ನಾವರದ ಪೇಟೆಗೆ ಒಯ್ದು ಮಾರುವವಳು ಅವಳು. ಬಾಯಿ ಸ್ವಲ್ಪ ಜೋರು.

"ಎಂತದೇ ಮಾದೇವಿ, ನಿನ್ನೆ ನಿಮ್ಮನೆ ಕೋಳಿ ಕೂಗ್ಲೇ ಇಲ್ವಲ್ಲೆ?"

"ನಮ್ಮನೇಲಿ ಕೋಳಿ ಎಲ್ಲದೆ?"

"ಮಾಸ್ತರು ಮಾರಾಯ್ತಿ! ಬೆಳಗಾ ಮುಂಚೆ ಅವರು ಖರ್ ಖರ್ ಮಾಡಿದ್ರೆ ನಾ ಏಳೂದು, ಗೂಡಿನ ಬಾಗ್ಲು ತೆಗೂದು. ನಿನ್ನೆ ಒಂದು ಸಪ್ಪಳಿಲ್ಲ. ಎದ್ದು ಕಾಂತೆ, ಹೊತ್ತು ನೆತ್ತಿಗೆ ಬಂದದೆ, ಭರತ ಏರಿ ಹೊಳೆ ತುಂಬಿ ಹೋಗ್ಯದೆ. ಇನ್ನೆಂತ ಬಳಚು? ಹೋದ ರವಿವಾರನೂ ಹಿಂಗೇ ಆತು. ನಿಮ್ಮವರಿಗೆ ಹೇಳು, ರವಿವಾರನೂ ಒಂದ್ಸಲ ಕ್ಯಾಕರಿಸಿಬಿಡಿ ಅಂತ."

ಮಾದೇವಿ ನಕ್ಕಳು. ಆದರೆ ಕೈಯಲ್ಲಿದ್ದ ಹಗ್ಗ ಹಾಗೇ ನಿಂತಿತು.

ಹೌದು. ನಿನ್ನೆ ಬೆಳಿಗ್ಗೆ ತಾನು ಅಂಗಳ ಗುಡಿಸುತ್ತಿದ್ದಾಗ ಇದೇ ಬಾವಿಯ ಹತ್ತಿರ ಅವರು ಒಂದು ಪದ್ಯ ಎತ್ತಿದ್ದರು. ಮೂರನೆಯ ಸಾಲು ಹೆಚ್ಚುಕಡಿಮೆ ದಡ ಮುಟ್ಟಿತ್ತು. ತನ್ನ ಕಿವಿಯೇ ಆಸೆ ಪಡುತ್ತಿದೆ ಎಂದು ಅವಳು ಅದನ್ನು ನಂಬಿರಲಿಲ್ಲ. ರವಿವಾರ ಸಾಲೆ ಇಲ್ಲ; ಸೀಮೆಸುಣ್ಣದ ದೂಳಿಲ್ಲ, ಮಗ್ಗಿ ಹೇಳಿಸುವ ಕೂಗಾಟವಿಲ್ಲ, ಅದಕ್ಕೇ ಗಂಟಲು ಹಗುರ ಎಂದು ಮಾಸ್ತರೇ ಒಮ್ಮೆ ಹೇಳಿದ್ದರು.

ಕೊಡ ಹೊತ್ತು ಒಳಗೆ ಬರುವಾಗ ಹೊಸ್ತಿಲಲ್ಲಿ ಅವಳಿಗೆ ಇನ್ನೊಂದು ವಿಚಾರ ಬಂತು. ಸಾಲೆ ಇಲ್ಲದ್ದು ರವಿವಾರ ಹಗಲು. ಹಾಗಾದರೆ ಗಂಟಲು ಹಗುರಾಗಬೇಕಾದದ್ದು ಸೋಮವಾರ ಬೆಳಿಗ್ಗೆ. ಇವತ್ತು ಬೆಳಿಗ್ಗೆಯೋ, ಕೊಟ್ಟಿಗೆಯ ಎಮ್ಮೆ ಬೆದರುವಂತೆ ಕ್ಯಾಕರಿಸಿದ್ದಾರೆ. ಹಾಗಿದ್ದರೆ ಇದು ಶನಿವಾರದ ಗುಣ. ಶನಿವಾರ ಏನಿದೆ?

ಶನಿವಾರ ವೆಂಕಟ್ರಮಣನ ಒಪ್ಪತ್ತು. ಮಧ್ಯಾಹ್ನ ಒಂದು ಊಟ. ಸಂಜೆ ತುಳಸಿ ಹಾಕಿದ ನೀರು ಬಿಟ್ಟರೆ ಏನೂ ಇಲ್ಲ. ಕಷಾಯವೂ ಇಲ್ಲ.

ಅವಳು ಕೊಡ ಇಳಿಸಿ ಅಲ್ಲೇ ಗೋಡೆಗೆ ಒರಗಿದಳು. ತಾವೆಲ್ಲ ಪ್ರೀತಿಯಿಂದ ಬಡಿಸಿದ್ದು, ಕುದಿಸಿ ಕುಡಿಸಿದ್ದು ಒಂದೊಂದಾಗಿ ಕಣ್ಣ ಮುಂದೆ ಬಂತು. ಹೊಟ್ಟೆಗೆ ಹಾಕಿದ್ದು ರಾತ್ರಿ ಗಂಟಲಿಗೆ ಏರುತ್ತದೆಯೇ? ಹೇಗೆ ಏರುತ್ತದೆ ಎಂದು ಅವಳಿಗೆ ತಿಳಿಯದು. ಆದರೆ ಕಿವಿ ಕೇಳಿದ್ದು ಸುಳ್ಳಲ್ಲ.

ಹೇಳಿದರೆ ಕೇಳುವವರು ಯಾರು? ಹಸಿವಿನಿಂದ ಕಫ ಹೋಗುತ್ತದೆ ಎಂದರೆ ಅತ್ತೆ ಸೌಟು ಹಿಡಿದೇ ಬಂದಾಳು. ದವಾಖಾನೆಯವರಿಗೆ ತಿಳಿಯದ್ದು ಅಕ್ಷರ ಬಾರದ ಹೆಂಗಸಿಗೆ ತಿಳಿಯಿತೇ ಎಂದು ಮಾಸ್ತರು ನಕ್ಕುಬಿಟ್ಟಾರು.

ಮಧ್ಯಾಹ್ನ ಮಾಸ್ತರು ಉಣ್ಣಲು ಬಂದಾಗ, ಎಲೆಯ ಮುಂದೆ ಅತ್ತೆಯೂ ಇದ್ದಾಗ, ಮಾದೇವಿ ಬಾಯಿಬಿಟ್ಟಳು.

"ನಾನೊಂದು ಹರಕೆ ಹೇಳ್ಕಂಡಿದೆ."

"ಯಾರಿಗೆ? ಎಂತಕ್ಕೆ?" ಮಾಸ್ತರು ತಲೆಯೆತ್ತಿದರು.

"ವೆಂಕಟ್ರಮಣಗೆ. ನಿಮ್ಮ ದನಿ ಬರ್ಲಿ ಅಂತ. ಮಂಗಲದ ತನಕ ನೀವು ದಿನಾ ಸಾಲೆ ಬಿಟ್ಟು ಬಂದ ಕೂಡಲೇ ಒಂದು ಲೋಟ ಗಂಜಿ ಕುಡೀಬೇಕು. ಅದಾದ ಮೇಲೆ ಬೆಳಗಾಗು ತನಕ ನೀರು ಬಿಟ್ಟು ಬೇರೆಂತದೂ ಬಾಯಿಗೆ ಹಾಕೂಕಿಲ್ಲ. ಮತ್ತೆ... ಕರಿಮೆಣಸು, ಹುಳಿ ಎರಡೂ ದೇವರಿಗೆ ಬಿಟ್ಟದ್ದು."

"ಕರಿಮೆಣಸಾ? ನಿನ್ನ ದೇವರಿಗೆ ಕರಿಮೆಣಸಿನ ಮೇಲೆ ಎಂತಕ್ಕೆ ಸಿಟ್ಟು?"

ಮಾದೇವಿ ತಲೆತಗ್ಗಿಸಿದಳು. ಅಷ್ಟರಲ್ಲಿ ಮಾಸ್ತಮ್ಮ ಸೌಟು ಕೆಳಗಿಟ್ಟು ಕೈಮುಗಿದಳು.

"ಬಾಯಿ ಮುಚ್ಚು ತಮಾ! ಹರಕೆಗೆ ಯಾರಾದ್ರೂ ಎಂತಕ್ಕೆ ಅಂತ ಕೇಳ್ತರಾ? ಸೊಸೆ ಹೇಳ್ಕಂಡದೆ, ನಡೀಬೇಕು. ಎಲ್ಲಿ, ಆ ಹುಳಿ ಈಚೆ ಕೊಡು." ಮಗನ ಎಲೆಯ ಮೇಲಿನ ಹುಳಿಯನ್ನು ಅವಳೇ ಬಳಿದು ತೆಗೆದಳು.

ಅಂದಿನಿಂದ ಮಾಸ್ತಮ್ಮನೇ ಕಾವಲು. ಮಗ ಕತ್ತಲಾದ ಮೇಲೆ ಬೆಲ್ಲದ ಡಬ್ಬಿಯ ಕಡೆ ನೋಡಿದರೂ "ವೆಂಕಟ್ರಮಣಾ!" ಎಂದು ದೇವರನ್ನು ಕೂಗುತ್ತಿದ್ದಳು. ಗಾಣದ ಮನೆಯವರಿಗೂ ಅವಳೇ ಹೋಗಿ ಹೇಳಿ ಕಷಾಯ ನಿಲ್ಲಿಸಿ ಬಂದಳು. ಹರಕೆಯ ಹೆಸರು ಕೇಳಿ ಅವರು ಲೋಟ ತೊಳೆದು ಬೆಚ್ಚಗಿನ ನೀರು ಇಟ್ಟರು.

ಎಲ್ಲವೂ ಸುಸೂತ್ರ ನಡೆಯಿತು, ಮಾದೇವಿಯ ಮನಸ್ಸೊಂದು ಬಿಟ್ಟು. ಅವಳು ಯಾವ ಹರಕೆಯನ್ನೂ ಹೇಳಿಕೊಂಡಿರಲಿಲ್ಲ. ದೇವರ ಹೆಸರಿನಲ್ಲಿ ಆಡಿದ ಸುಳ್ಳು ಎಷ್ಟು ಜನ್ಮ ಬೆನ್ನು ಹತ್ತುತ್ತದೆ ಎಂಬುದನ್ನು ಕೇಳುತ್ತಲೇ ಬೆಳೆದವಳು ಅವಳು. ಸಂಜೆ ದೇವರ ಪಟದ ಮುಂದೆ ದೀಪ ಹಚ್ಚುವಾಗ ಕಣ್ಣು ಪಾದಕ್ಕಿಂತ ಮೇಲಕ್ಕೆ ಏಳುತ್ತಿರಲಿಲ್ಲ.

ಮೊದಲ ವಾರ ಹೆಚ್ಚೇನೂ ಆಗಲಿಲ್ಲ. ಮಾಸ್ತರು ಹಸಿವಿನಿಂದ ಹೊರಳಾಡಿದರು. ಓದುವಾಗ ಮೂರನೆಯ ಸಾಲು ಎಂದಿನಂತೆ ಹರಿಯಿತು, ದೇವಪ್ಪನ ಚಾಪೆ ಕಂಬದ ತನಕ ಹಿಂದೆ ಹೋಯಿತು. ಇದು ಬರೀ ತನ್ನ ಹುಚ್ಚು, ದೇವರೆದುರು ಸುಳ್ಳಿಯೂ ಆದೆ, ಗಂಡನನ್ನು ಉಪವಾಸವೂ ಕೆಡವಿದೆ ಎಂದು ಮಾದೇವಿ ಕಂಗಾಲಾದಳು. ಎರಡನೆಯ ವಾರದ ನಡುವಿಗೆ ಒಂದು ಬೆಳಿಗ್ಗೆ ಮಂಜಿ ಬಾವಿಕಟ್ಟೆಯ ಮೇಲೆ ಕೊಡ ಕುಕ್ಕಿದ ಸಪ್ಪಳ ಎಂದಿಗಿಂತ ಜೋರಾಗಿ ಕೇಳಿತು.

"ಇದೊಳ್ಳೆ ಕಥೆ ಆತಲ್ಲ! ನಿನ್ನೆನೂ ಇಲ್ಲ, ಇವತ್ತೂ ಇಲ್ಲ. ನಾ ಒಂದು ಗಡಿಯಾರ ತರೂಕೆ ಬೊಂಬಾಯಿಗೆ ಹೋಗ್ಬೇಕಾ ಹೆಂಗೆ?"

"ಬೈಯಿ ಮಂಜಕ್ಕ," ಅಂದಳು ಮಾದೇವಿ. "ಇನ್ನೊಂದ್ಸಲ ಬೈಯಿ."

"ಹುಚ್ಚು ಹಿಡದದೆ ಇದ್ಕೆ," ಎಂದು ಮಂಜಿ ಕೊಡ ಎತ್ತಿಕೊಂಡು ಹೋದಳು.

ಮಂಗಲದ ಮುಂಚಿನ ಶುಕ್ರವಾರ ಬಂತು. ಮಳೆ ಒಂದಿಷ್ಟು ಬಿಟ್ಟಿತ್ತು. ಅಳಿವೆಯ ಕಡೆಯಿಂದ ಬಂದ ಗಾಳಿಗೆ ಜಗಲಿಯ ದೀಪದ ಕುಡಿ ಬಾಗುತ್ತಿತ್ತು. ಲಿಂಗಪ್ಪ ನಾಯ್ಕರು ಬಾಯಿ ತುಂಬ ಕವಳ ಹಾಕಿಕೊಂಡು ಕಂಬಕ್ಕೆ ಒರಗಿ ಕೂತರು. ಭಟ್ಟರಿಗೆ ಕಳಿಸಬೇಕಾದ ಚೀಟಿ ಅವರ ಕಿವಿಯ ಮೇಲೆ ಸಿಕ್ಕಿಸಿಯೇ ಇತ್ತು. ಮಾಸ್ತರು ಪುಸ್ತಕಕ್ಕೆ ಕೈಮುಗಿದು ಪದ್ಯ ಎತ್ತಿದರು.

ಒಂದನೆಯ ಸಾಲು. ಎರಡನೆಯ ಸಾಲು. ಬಾಗಿಲ ಮರೆಯಲ್ಲಿ ಮಾದೇವಿಯ ಬೆರಳಿಗೆ ಸೆರಗು ಸುತ್ತಿ ಸುತ್ತಿ ಬೆರಳು ಬಿಳಿಚಿತು. ಮೂರನೆಯ ಸಾಲು ಏರಿತು. ಜಗಲಿಯ ಜನ ಅಭ್ಯಾಸದಂತೆ ಕೈಕಾಲು ಸಡಿಲಿಸಿದರು, ಒಬ್ಬ ಸುಣ್ಣದ ಡಬ್ಬಿ ತೆರೆದ, ಲಿಂಗಪ್ಪ ನಾಯ್ಕರು ಏಳಲು ನೆಲಕ್ಕೆ ಕೈ ಊರಿದರು. ದನಿ ನಿಲ್ಲಲಿಲ್ಲ. ಮೇಲೆ ಒಂದು ಗಳಿಗೆ ತೇಲಿ, ಮೆಲ್ಲಗೆ ಇಳಿದು, ನಾಲ್ಕನೆಯ ಸಾಲಿಗೆ ಹೊರಳಿಕೊಂಡಿತು. ಸುಣ್ಣ ಬೆರಳಲ್ಲೇ ಒಣಗಿತು. ನಾಯ್ಕರು ಅರ್ಧ ಎದ್ದವರು, ಓದಿನ ನಡುವೆ ಏಳುವುದು ಹೇಗೆಂದು ಹಾಗೆಯೇ ಕೂತರು. ಮುಂದಿನ ಪದ್ಯ. ಅದರ ಮುಂದಿನದು. ನಡುವೆ ಒಮ್ಮೆ ಮಾಸ್ತರು ಬೆಚ್ಚಗಿನ ನೀರನ್ನು ಒಂದು ಗುಟುಕು ಕುಡಿದರು. ಸಣ್ಣಗೆ ಒಮ್ಮೆ ಗಂಟಲು ಕೆರೆದರು. ಅಷ್ಟೆ. ನಾಯ್ಕರ ಕೆನ್ನೆಗಳೆರಡೂ ಉಬ್ಬಿ, ಕಣ್ಣಲ್ಲಿ ನೀರು ತುಂಬಿತು. ಭಕ್ತಿಯಿಂದ ಎಂದು ದೇವಪ್ಪ ಭಾವಿಸಿ ತಾನೂ ಕಣ್ಣೊರೆಸಿಕೊಂಡ.

ಸಂಧಿ ಮುಗಿಯಿತು. ಎಲ್ಲರೂ ಯಜಮಾನರ ಮುಖ ನೋಡಿದರು. ಅವರು "ಉಂ, ಉಂ" ಎಂದು ಎರಡೂ ಕೈ ಆಡಿಸಿ, ಎದ್ದು, ಜಗಲಿಯ ಅಂಚಿಗೆ ಓಡಿ ಅಂಗಳಕ್ಕೆ ಉಗಿದು, ಏದುಸಿರು ಬಿಡುತ್ತ ತಿರುಗಿದರು.

"ಕೊಂದ್ರಿ ಮಾಸ್ತರೇ! ಉಗಿಯೂಕಾದ್ರೂ ಒಂದು ಸಂದು ಕೊಡೂದಲ್ವಾ?"

ಜಗಲಿ ನಗೆಯಿಂದ ತುಂಬಿತು. ನಾಯ್ಕರು ಕಿವಿಯ ಮೇಲಿನ ಚೀಟಿ ತೆಗೆದು ಮಡಚಿ, ದೀಪದ ಕುಡಿಗೆ ಹಿಡಿದರು.

ಮನೆಗೆ ಹೋಗುವಾಗ ಹೊಳೆಯ ಮೇಲೆ ಇನ್ನೂ ಮುಸ್ಸಂಜೆಯ ಬೆಳಕಿತ್ತು. ಮಾಸ್ತರು ಮುಂದೆ ಹೋಗಲಿಲ್ಲ. ಹೆಂಡತಿಯ ಜೊತೆಗೇ ಹೆಜ್ಜೆ ಹಾಕಿದರು.

"ನಾಳೆ ಮಂಗಲ. ನಾಡಿದ್ದು ರವಿವಾರ ಹರಕೆ ತೀರ್ಸೂಕೆ ಹೋಗುವ. ಮುಡಿಪು ಎಲ್ಲಿ ಕಟ್ಟಿಟ್ಟಿದೆ? ದೇವರ ಪಟದ ಹತ್ರ ನಾ ಕಾಣ್ಲೇ ಇಲ್ಲ."

ಮಾದೇವಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. ಮಾಸ್ತರು ಅವಳ ಮುಖ ನೋಡಿದರು. ಆಮೇಲೆ ಹೊಳೆಯ ಕಡೆ ತಿರುಗಿ, "ಆತು ಬಿಡು," ಅಂದರು. "ಹರಕೆ ಮಂಗಲಕ್ಕೇ ಮುಗಿಯೂದು ಬೇಡ. ಬರುವ ಶ್ರಾವಣದ ತನಕ ಅಂತ ಬೆಳೆಸಿ ಹೇಳ್ಕ. ಈ ಸಲ ಪಟದ ಎದುರು ನಿಂತ್ಕಂಡೇ ಹೇಳು."

ಮರುದಿನ ಇನ್ನೂ ಮಬ್ಬಿರುವಾಗಲೇ ಮಾದೇವಿ ಮಿಂದು, ಒಂದು ಕಾಯಿ ತೊಳೆದು, ಹಿಡಿ ಅಕ್ಕಿಯ ಜೊತೆ ಅರಿಶಿನದ ಬಟ್ಟೆಯಲ್ಲಿ ಇಟ್ಟು ಪಟದ ಮುಂದೆ ಕೂತಳು. ಕಣ್ಣೆತ್ತಿ ನೋಡಿದಳು. ಏನು ಬೇಡುವುದೆಂದು ತಿಳಿಯಲಿಲ್ಲ. ಬೇಡಬೇಕಾದ್ದು ಆಗಲೇ ಬಂದುಬಿಟ್ಟಿತ್ತು. ಬಟ್ಟೆಯ ಎರಡು ತುದಿಗಳನ್ನು ಕೈಯಲ್ಲಿ ಹಿಡಿದು ಹಾಗೆಯೇ ಕೂತಿದ್ದಳು.

ಬಾವಿಯ ಕಡೆಯಿಂದ ರಾಟೆಯ ಸಪ್ಪಳದ ಹಿಂದೆಯೇ ಪದ್ಯ ಎದ್ದಿತು. ಒಂದು ಸಾಲು, ಎರಡು. ಮೂರನೆಯದು ಏರಿ, ನಿಂತು, ಇಳಿಯಿತು. ಅದು ಪೂರ್ತಿ ಇಳಿದ ಮೇಲೆ ಅವಳು ಗಂಟು ಬಿಗಿದಳು.

ಬೇಲಿಯಾಚೆ ಮಂಜಿಯ ಮನೆಯ ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಗೂಡಿನ ಸಂದಿಯಿಂದ ಬೆಳಕು ಕಂಡ ಕೋಳಿಗಳು ಒಳಗೇ ಕೊಕ್ಕೊಕ್ಕೆನ್ನುತ್ತ, ಹಲಗೆಯನ್ನು ಕುಕ್ಕುತ್ತಿದ್ದವು.