ಬೋರ್ಡಿಗೆ ಬಿದ್ದ ಹಾರ

೧

ಎಲ್ಲಿಂದ ಶುರು ಮಾಡೋದು, ನೀವೇ ಹೇಳಿ. ಬೋರ್ಡಿನ ಮೇಲಾದರೆ ನನಗೆ ಗೊತ್ತು. ಎಡಗಡೆ ಮೇಲ್ತುದಿಯಲ್ಲಿ ತಾರೀಖು, ಅದರ ಕೆಳಗೆ ನೀರಿನ ಸುದ್ದಿ. ಕಾಗದದ ಮೇಲೆ ಹಾಗೆ ನಡೆಯಲ್ಲ ಅಂತಾರೆ ಅಂಜನಮೂರ್ತಿಗಳು. ಅವರು ನಮ್ಮ ಹಲಸೂರಿನ ವಾಚನಾಲಯ ನೋಡಿಕೊಂಡು ರಿಟೈರ್ ಆದವರು. "ಪೀರಪ್ಪ, ಆ ಹಾರದ ಕಥೆ ಬರೆದಿಡಿ, ಇಲ್ಲದಿದ್ರೆ ನಿಮ್ಮ ಜೊತೆಗೇ ಹೋಗಿಬಿಡುತ್ತೆ" ಅಂತ ಈ ನೋಟ್‌ಬುಕ್ ಕೊಟ್ಟರು. (ಎಲ್ಲಿಗೆ ಹೋಗುತ್ತೆ ಅಂತ ನಾನು ಕೇಳಲಿಲ್ಲ.)

ಮೊದಲ ಸಲ ಹೀಗೆ ಬರೆದೆ: "ಅದೊಂದು ಸುಂದರ ಮುಂಜಾನೆ." ಹೊಡೆದುಹಾಕಿದೆ. ಹಲಸೂರು ಮಾರ್ಕೆಟ್ಟಿನ ಹಿಂದೆ, ಮೋರಿ ಪಕ್ಕದಲ್ಲಿ ನಡೆದದ್ದಕ್ಕೆ ಅಷ್ಟು ದೊಡ್ಡ ಸುಳ್ಳು ಹೇಳಿ ಶುರು ಮಾಡೋದು ಬೇಡ ಅನ್ನಿಸಿತು.

೧ (ಇನ್ನೊಂದು ಸಲ)

ಯಾರು ಬರೀತಿರೋದು ಅಂತ ಗೊತ್ತಿಲ್ಲದೆ ನೀವಾದರೂ ಯಾಕೆ ಓದಬೇಕು? ನಾನು ಯಾದಗಿರಿ ಕಡೆಯವನು. ಮೂರನೇ ಕ್ಲಾಸು. ಹರೆಯದಲ್ಲಿ ಬೆಂಗಳೂರಿಗೆ ಬಂದು ಶಿವಾಜಿನಗರದಲ್ಲಿ ಸಿನಿಮಾ ಬ್ಯಾನರ್ ಬರೆಯೋ ಶೆಡ್ಡಿಗೆ ಸೇರಿಕೊಂಡೆ. ಹನ್ನೊಂದು ವರ್ಷ ಅಲ್ಲೇ. ಕಟೌಟಿನ ಮುಖ ಬರೆಯೋರು ಚಿನ್ನಪ್ಪ ಮೇಸ್ತ್ರಿ. ಮುಖದ ಹತ್ತಿರ ಬ್ರಷ್ ಹಿಡಿದು ಇನ್ನೊಬ್ಬ ಬಂದರೆ ಕಾಲಲ್ಲಿ ಒದೆಯೋರು. ನನಗೆ ಕೊಟ್ಟಿದ್ದು ಕೈ. ಬರೀ ಕೈ. ಗನ್ನು ಹಿಡಿದ ಕೈ, ಮಗು ಎತ್ತಿದ ಕೈ, ಮುಗಿದ ಕೈ. ಈ ಊರಿನ ಎಷ್ಟೋ ಹೀರೋಗಳು ನನ್ನ ಕೈಯಿಂದಲೇ ನಮಸ್ಕಾರ ಮಾಡಿದ್ದಾರೆ.

ಶೆಡ್ಡು ಮುಚ್ಚಿದ ಮೇಲೆ ಇಂದಿರಾನಗರದಲ್ಲಿ ಒಂದು ಬಂಗಲೆಗೆ ವಾಚ್‌ಮನ್ ಆದೆ. ಬೆಳಿಗ್ಗೆ ಡ್ಯೂಟಿಗೆ ಹೋಗೋ ಮೊದಲು ನಮ್ಮ ಬೀದಿ ಮೂಲೆಯ ಕನ್ನಡ ಸಂಘದ ಬೋರ್ಡು ಬರೆಯೋದು. ಕರಿಹಲಗೆ, ಮೇಲೆ ಒಂದು ಮೊಳೆ. ಅಂಜನಮೂರ್ತಿಗಳು ಪೇಪರ್ ಓದಿ ಹೇಳೋರು, ನಾನು ಸೀಮೆಸುಣ್ಣದಲ್ಲಿ ಬರೆಯೋನು. ಎಡಗಡೆ ನೀರು, ಕರೆಂಟು, ರಾಜಕೀಯ. ಬಲಗಡೆ ಸಿನಿಮಾ. ಕೆಳಗೆ ಒಂದು ಗೇಣು ಜಾಗ ಖಾಲಿ. ಅದು ಬೀದಿಯವರಿಗೆ. ಮೇಕೆ ಕಳೆದಿದೆ, ರೂಮು ಖಾಲಿ ಇದೆ, ಬೈಲಪ್ಪ ಕಳ್ಳ, ಯಾರು ಏನು ಬೇಕಾದರೂ ಬರೀಬಹುದು. ಆ ಗೇಣನ್ನ ನಾನು ಅಳಿಸೋ ಹಾಗಿಲ್ಲ. ಅದು ನಿಯಮ.

ಬೋರ್ಡಿನ ಎದುರಿಗೆ ಅನೀಸ್‌ನ ಗಾಜಿನ ಬಳೆ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ನನ್ನ ಬೋರ್ಡು ನೋಡಿ ನೋಡಿ ಅವನು ಕನ್ನಡ ಓದೋಕೆ ಕಲಿತ. ಅವನಿಗೆ ಮೊದಲು ಬಂದ ಮಾತು "ನೀರಿಲ್ಲ". ದಿನಾ ಇರುತ್ತಿತ್ತಲ್ಲ.

೨

ತೊಂಬತ್ತಾರನೇ ಇಸವಿ. ಕಾರ್ಪೊರೇಷನ್ ಎಲೆಕ್ಷನ್ ಹತ್ತಿರ ಬಂದಿತ್ತು. ನಮ್ಮ ವಾರ್ಡಿನ ಕಾರ್ಪೊರೇಟರ್ ಬೈಲಪ್ಪನವರು ಗುರುವಾರ ನೀರು ಬಿಡಿಸ್ತೀನಿ ಅಂತ ಮಾತು ಕೊಟ್ಟಿದ್ದರು. ನಮ್ಮ ಹೀರೋ ಲಕ್ಷ್ಮಿಕಾಂತ ಆಸ್ಪತ್ರೆಯಲ್ಲಿದ್ದರು. (ಈ ಹೆಸರು ನಾನು ಕಟ್ಟಿದ್ದು. ಆ ಹೆಸರಿನ ಹೀರೋನ ಹುಡುಕಿಕೊಂಡು ಹೋಗಬೇಡಿ.) ಹನ್ನೆರಡು ದಿನದಿಂದ ಬಲಗಡೆ ಬೇರೆ ಸುದ್ದಿಯೇ ಇಲ್ಲ. ಹದಿಮೂರನೇ ದಿನ ಅಂಜನಮೂರ್ತಿಗಳು ಓಡುತ್ತಾ ಬಂದರು. "ಬರೀರಿ, ಬರೀರಿ! ಆಪರೇಷನ್ ಆಯ್ತು, ಮನೆಗೆ ಬಂದ್ರು!"

ಬರೆದೆ. ಖುಷಿ ತಡೆಯಲಾರದೆ ಅದರ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಅವರ ಮುಖವನ್ನೂ ಬಿಡಿಸಿದೆ. ಮುಖ ನನ್ನ ವಿದ್ಯೆ ಅಲ್ಲ. ಆದರೂ ಹಣೆ ಮೇಲೊಂದು ಗುಂಗುರು, ದಪ್ಪ ಮೀಸೆ ಇಟ್ಟರೆ ಈ ಊರಲ್ಲಿ ಯಾರಿಗೂ ಅನುಮಾನ ಬರಲ್ಲ. ಅಂಗಡಿ ತೆಗೀತಿದ್ದ ಅನೀಸ್ ಅಲ್ಲಿಂದಲೇ ಜೋರಾಗಿ ಓದಿದ: "ಆಪರೇಷನ್ ಆಗಿ ಮನೆಗೆ ಬಂದರು. ಸರಿ ತಾನೇ ಚಾಚಾ?"

"ಸರಿ ಇದೆ."

"ಎಡಗಡೆನೂ ಓದ್ಲಾ? ಬೈಲಪ್ಪನವರು ಹೇಳಿದ ಗುರುವಾರ ಯಾವ ಗುರುವಾರ? ನೀರು ಇವತ್ತೂ ಇಲ್ಲ." ನಕ್ಕುಬಿಟ್ಟ. "ಚಾಚಾ, ಒಂದು ದಿನ ನಿಮಗೆ ಒದೆ ಬೀಳುತ್ತೆ."

ನಾನು ಡ್ಯೂಟಿಗೆ ಹೋದೆ. ಆಮೇಲೆ ಹೂವಿನ ಮುನಿವೆಂಕಟಮ್ಮ ಬಂದಳು. ಸಿಕ್ಕವರನ್ನ ಕೇಳಿ ಸುದ್ದಿ ತಿಳ್ಕೊಂಡಳು, ಅವಳಿಗೆ ಓದೋಕೆ ಬರಲ್ಲ. ಬುಟ್ಟಿಯಿಂದ ದೊಡ್ಡದೊಂದು ಹಾರ ತೆಗೆದು ಬೋರ್ಡಿನ ಮೊಳೆಗೆ ಹಾಕಿದಳು. ಹಾರ ಮುಖದ ಸುತ್ತ ಇಳಿದು, ಕೆಳಗಿನ ಸಾಲನ್ನ ಪೂರ್ತಿ ಮುಚ್ಚಿತು. ಚೌಕಟ್ಟಿನ ಸಂದಿಗೆ ಎರಡು ಊದುಬತ್ತಿ ಸಿಕ್ಕಿಸಿ, ಕೈ ಮುಗಿದು, ಕಣ್ಣೊರೆಸಿಕೊಂಡು ಹೊರಟುಹೋದಳು.

(ಇಲ್ಲಿ ಮುನಿವೆಂಕಟಮ್ಮನ ತಕರಾರಿದೆ. ಬರೆದಷ್ಟನ್ನ ಅವಳಿಗೆ ಓದಿ ಹೇಳಿದೆ. "ಏನ್ ಪೀರಣ್ಣ, ನಂಗೇನ್ ಬುದ್ಧಿ ಇಲ್ಲ ಅಂತ ಬರ್ದಿದ್ದೀಯಾ? ದೇವ್ರ ಪಟಕ್ಕೂ ಹಾರ ಹಾಕ್ತೀವಿ, ಸತ್ತೋರ ಪಟಕ್ಕೂ ಹಾಕ್ತೀವಿ. ನಾನು ದೇವ್ರ ಲೆಕ್ಕದಾಗೆ ಹಾಕಿದ್ದು! ನೋಡಿದೋರು ಇನ್ನೊಂದು ಲೆಕ್ಕ ಹಿಡಿದ್ರೆ ನಾನೇನ್ ಮಾಡ್ಲಿ?" ಹಾಗೇ ಬರೀತೀನಿ ಅಂತ ಮಾತು ಕೊಟ್ಟಿದ್ದೀನಿ. ಬರೆದಿದ್ದೀನಿ.)

೩

ಮೊದಲು ಕ್ಯಾಸೆಟ್ ಅಂಗಡಿಯವನು ನೋಡಿದ. ಮುಖ, ಹಾರ, ಊದುಬತ್ತಿ. ಯಾರನ್ನೂ ಕೇಳಲಿಲ್ಲ, ಶಟರ್ ಎಳೆದ. ಅವನ ಶಟರ್ ಸದ್ದಿಗೆ ಬೇಕರಿ ಮುಚ್ಚಿತು. ಬೇಕರಿ ನೋಡಿ ಸೈಕಲ್ ಶಾಪು. ಶಟರ್ ಸದ್ದು ಅನ್ನೋದು ಈ ಊರಲ್ಲಿ ರೇಡಿಯೋಗಿಂತ ಬೇಗ ಹೋಗುತ್ತೆ. ಹತ್ತೂವರೆಗೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಾಗಿಲು ಹಾಕ್ತಿದ್ದಾರೆ ಅಂದರು. ಕೆ.ಆರ್. ಪುರದ ಬಸ್ಸು ಅರ್ಧ ದಾರಿಯಲ್ಲೇ ಜನರನ್ನ ಇಳಿಸಿತಂತೆ.

ಇಂದಿರಾನಗರದಲ್ಲಿ ನಾನು ಗೇಟಿನ ಹತ್ತಿರ ಕೂತಿದ್ದೆ. ಅಡುಗೆ ಮಾಡೋ ಯಮುನಾ ಕಣ್ಣೀರು ಹಾಕ್ಕೊಂಡು ಬಂದಳು. "ತಾತಾ, ನಿಮ್ಮ ಹೀರೋ ಹೋಗ್ಬಿಟ್ರಂತೆ. ಮನೆಗೆ ಹೋಗಿ, ಆಮೇಲೆ ಗಲಾಟೆ ಆಗುತ್ತೆ."

"ಬೆಳಿಗ್ಗೆ ಮನೆಗೆ ಬಂದ್ರು ಅಂತ ಇತ್ತಲ್ಲಮ್ಮ?"

"ಮನೆಗೆ ಬಂದು ಹೋದ್ರೇನೋ. ಹಲಸೂರಲ್ಲಿ ಬೋರ್ಡೇ ಹಾಕಿದ್ದಾರಂತೆ."

ನೋಡಿ, ಇಲ್ಲಿ ನೀವು ನಗಬಹುದು. ನಾನು ನಗಲಿಲ್ಲ. ಬೋರ್ಡು ಹಾಕಿದ್ದಾರೆ ಅಂದ ಮೇಲೆ ನಿಜ ಅಂದ್ಕೊಂಡೆ. ಬಸ್ಸಿಲ್ಲ, ಆಟೋ ಇಲ್ಲ. ನೂರಡಿ ರಸ್ತೆಯಿಂದ ಹಲಸೂರಿನವರೆಗೂ ನಡೆದುಕೊಂಡು, ಮುದುಕ, ಅಳುತ್ತಾ ಬಂದೆ. ಅವರಿಗೆ ನಾನು ಬರೆದ ಕೈಗಳೆಲ್ಲ ಒಂದೊಂದೇ ನೆನಪಾದವು. ನನ್ನ ಬೋರ್ಡಿನ ಸುದ್ದಿ ಊರೆಲ್ಲ ಸುತ್ತಿ ಬಂದು ನನ್ನನ್ನೇ ಅಳಿಸಿತ್ತು.

ಬೀದಿಗೆ ಬಂದು ಹಾರ ನೋಡಿದೆ. ಬೆಳಿಗ್ಗೆ ನಾನು ಬಿಡಿಸಿದ ಮುಖವೇ, ಹೊಸದಾಗಿ ಒಂದಕ್ಷರ ಬರೆದಿಲ್ಲ; ಯಾರೂ ಸತ್ತಿಲ್ಲ ಅಂತ ಆಗ ಹೊಳೀತು. ಆಮೇಲೆ ಎದುರುಗಡೆ ನೋಡಿದೆ.

ಇಡೀ ಬೀದಿಯಲ್ಲಿ ತೆಗೆದಿದ್ದ ಅಂಗಡಿ ಒಂದೇ. ಅನೀಸ್‌ದು. ಅವನು ಸ್ಟೂಲ್ ಬಾಗಿಲಿಗೆ ಅಡ್ಡ ಹಾಕ್ಕೊಂಡು, ಎರಡು ಕೈ ಚಾಚಿ ನಿಂತಿದ್ದ. ಅವನ ಹಿಂದೆ ನೆಲದಿಂದ ಸೂರಿನವರೆಗೂ ಗಾಜಿನ ಬಳೆ. ಮುಂದೆ ಮೂವತ್ತು ಜನ, ಐದಾರು ಜನರ ಕೈಯಲ್ಲಿ ಕಲ್ಲು.

"ಶಟರ್ ಎಳಿಯೋ! ಹೀರೋ ಹೋದ್ರು, ನೀನು ಬಳೆ ಮಾರ್ತೀಯಾ?"

"ಹೋಗಿಲ್ಲ ಗುರು! ನಾನೇ ಓದಿದ್ದೀನಿ ಬೆಳಿಗ್ಗೆ. ಮನೆಗೆ ಬಂದ್ರು ಅಂತ ಬರೆದಿದೆ. ಬದುಕಿರೋರಿಗೆ ಅಂಗಡಿ ಮುಚ್ಚಬಾರ್ದು, ಅಪಶಕುನ. ನಾನು ಎಳೆಯಲ್ಲ."

"ಹಾರ ಕಾಣ್ತಿಲ್ವೇನೋ ನಿಂಗೆ?"

"ಬರೆಯೋವಾಗ ಹಾರ ಇರ್ಲಿಲ್ಲ! ಆಮೇಲೆ ಬಿದ್ದಿದ್ದು!"

"ಇವನು ನಮಗೆ ಕನ್ನಡ ಓದಿ ಹೇಳ್ತಾನೆ ನೋಡ್ರೋ!"

೪ (ಹರಿದದ್ದು)

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಅಂಜನಮೂರ್ತಿಗಳು, "ಕಥೆ ಅಂದ್ರೆ ಏನಾದ್ರೂ ಒಡೀಬೇಕು ಪೀರಪ್ಪ" ಅಂದಿದ್ದರು. ಅದಕ್ಕೆ ಮೊದಲ ಡ್ರಾಫ್ಟಿನಲ್ಲಿ ಒಂದು ಕಲ್ಲು ಎಸೆಸಿದೆ. ಅನೀಸ್‌ನ ಹಣೆಗೆ. ರಕ್ತ. ಬಳೆಗಳು ಝಳಝಳ. ಬರೆದದ್ದು ಚೆನ್ನಾಗೇ ಬಂದಿತ್ತು, ನನಗೇ ಕಣ್ಣಲ್ಲಿ ನೀರು.

ಅನೀಸ್ ಓದಿದ. (ಈಗಲೂ ಅದೇ ಅಂಗಡಿಯಲ್ಲಿದ್ದಾನೆ. ಗಡ್ಡ ಬೆಳ್ಳಗಾಗಿದೆ.) ನೋಟ್‌ಬುಕ್ ಮಡಿಚಿ ನನ್ನ ಮುಂದೆ ಇಟ್ಟ.

"ಚಾಚಾ, ಕಥೆ ಚೆನ್ನಾಗಿರ್ಲಿ ಅಂತ ನನ್ನ ತಲೆ ಒಡೀತೀರಾ?"

"ಬರೀ ಕಾಗದದ ಮೇಲೆ ಕಣೋ."

"ಅವತ್ತು ಬರೀ ಬೋರ್ಡಿನ ಮೇಲೆ ತಾನೇ ಇದ್ದಿದ್ದು?"

ಆ ಹಾಳೆ ಹರಿದೆ. ನಿಮಗೆ ರಕ್ತ ಬೇಕಿದ್ದರೆ ಪೇಪರ್ ಓದಿ.

ಮುನಿವೆಂಕಟಮ್ಮ ಇನ್ನೊಂದು ಮುಗಿತಾಯ ಕೊಟ್ಟಿದ್ದಾಳೆ. ಹೀರೋ ಬಿಳಿ ಕಾರಿನಲ್ಲಿ ಬರ್ತಾರೆ, ಕಲ್ಲು ಹಿಡಿದವರು ಕಾಲಿಗೆ ಬೀಳ್ತಾರೆ, ಅವಳ ಬುಟ್ಟಿಯಿಂದ ಒಂದು ಮಲ್ಲಿಗೆ ತಗೋತಾರೆ. ಬೈಲಪ್ಪನವರೂ ಹೇಳಿಕಳಿಸಿದ್ದಾರೆ: ಅವತ್ತೇ ಸಾಯಂಕಾಲ ನಲ್ಲಿಯಲ್ಲಿ ನೀರು ಬಂತು ಅಂತ ಸೇರಿಸಬೇಕಂತೆ. ಎರಡೂ ಒಳ್ಳೇ ಮುಗಿತಾಯವೇ. ಇಷ್ಟ ಆದದ್ದು ಇಟ್ಕೊಳ್ಳಿ. ನಡೆದದ್ದು ಬೇರೆ.

೪

ನನ್ನ ದನಿ ಸಣ್ಣದು. "ನಾನೇ ಬರೆದದ್ದು, ಅವರು ಬದುಕಿದ್ದಾರೆ" ಅಂತ ಮೂರು ಸಲ ಕೂಗಿದೆ. "ಅಜ್ಜ, ಪಕ್ಕಕ್ಕೆ ಬನ್ನಿ, ಏಟು ಬೀಳುತ್ತೆ" ಅಂತ ಒಬ್ಬ ಮರ್ಯಾದೆಯಿಂದಲೇ ತಳ್ಳಿದ. ಅಷ್ಟರಲ್ಲಿ ಬೈಲಪ್ಪನವರ ಜೀಪು ಬಂತು, ಮೈಕು ಸಮೇತ. ಎಡಗಡೆಯ ನೀರಿನ ಸಾಲು ಕಾಣದ ಹಾಗೆ ತಮ್ಮ ಇಬ್ಬರು ಹುಡುಗರನ್ನ ಅದರ ಮುಂದೆ ನಿಲ್ಲಿಸಿ ಶುರು ಮಾಡಿಯೇಬಿಟ್ಟರು: "ಬಂಧುಗಳೇ, ತುಂಬಲಾರದ ನಷ್ಟ..."

ನಾನು ಬೋರ್ಡಿನ ಹತ್ತಿರ ಹೋಗಿ ಹಾರಕ್ಕೆ ಕೈ ಹಾಕಿದೆ. ಒಬ್ಬ ಹೆಂಗಸು ಕಿರುಚಿದಳು. "ಮುಟ್ಟಬೇಡ! ಸತ್ತೋರ ಹಾರ ಕೀಳ್ತಾರಾ ಯಾರಾದ್ರೂ?"

ಕೈ ಹಿಂದಕ್ಕೆ ತಗೊಂಡೆ. ಅವಳು ಹೇಳಿದ್ದು ಸರಿ. ಸತ್ತವರ ಹಾರ ಯಾರೂ ಕೀಳಲ್ಲ, ಅವರೂ ತೆಗೆಯಲ್ಲ. ಬದುಕಿರೋರು ಹಾಗಲ್ಲ. ಎಷ್ಟು ಸಮಾರಂಭ ನೋಡಿಲ್ಲ ನಾವು? ಕೊರಳಿಗೆ ಹಾರ ಬಿದ್ದ ತಕ್ಷಣ ತಾವೇ ಎರಡು ಕೈಯಲ್ಲಿ ಎತ್ತಿ ತೆಗೆದುಬಿಡ್ತಾರೆ. ಇಟ್ಕೊಂಡು ಕೂರೋದು ಮರ್ಯಾದೆ ಅಲ್ಲ.

ಜೇಬಿನಲ್ಲಿ ಬೆಳಗಿನ ಸೀಮೆಸುಣ್ಣದ ತುಂಡಿತ್ತು.

ನಾನು ಕೈ ಬರೆದೆ.

ಮೊದಲು ಎಡಗೈ. ಮುಂಗೈ ಮೇಲೆದ್ದು, ಹೆಬ್ಬೆರಳು ಹಾರದ ಒಳಗೆ, ನಾಲ್ಕು ಬೆರಳು ಹೊರಗೆ. ನಿಜವಾದ ಹೂವಿನ ಎರಡೂ ಕಡೆ ಸೀಮೆಸುಣ್ಣದ ಬೆರಳು. ಆಮೇಲೆ ಬಲಗೈ. ತೋಳು ಮೇಲಕ್ಕೆ, ಮೊಣಕೈ ಅಗಲಕ್ಕೆ. ಬಲಗೈಗೆ ಅವರ ದಪ್ಪ ಕಡಗ. ಹನ್ನೊಂದು ವರ್ಷದ ಕೆಲಸ ಬೆರಳಲ್ಲಿತ್ತು, ಎರಡು ನಿಮಿಷವೂ ಹಿಡಿಯಲಿಲ್ಲ. ಈಗ ಬೋರ್ಡಿನ ಮೇಲಿದ್ದ ಮನುಷ್ಯ ತನ್ನ ಕೊರಳಿನ ಹಾರವನ್ನ ತಾನೇ ಎತ್ತಿ ತೆಗೀತಿದ್ದ.

ಹಿಂದೆ ಗದ್ದಲ ಕಮ್ಮಿಯಾಯಿತು. ಮೈಕಿನಲ್ಲಿ ಬೈಲಪ್ಪನವರೊಬ್ಬರದೇ ದನಿ: "...ಅವರ ಆತ್ಮಕ್ಕೆ..." ಅವರೂ ನಿಲ್ಲಿಸಿದರು.

"ಮಗಾ, ಹಾರ ತೆಗೀತಾವ್ರೆ ಕಣೋ," ಅಂದ ಕಲ್ಲು ಹಿಡಿದಿದ್ದವನೊಬ್ಬ.

"ಯಾರು?"

"ಅವರೇ!"

ಯಾರೋ ಒಬ್ಬರು ಕಿಸಕ್ಕಂತ ನಕ್ಕರು. ಅಷ್ಟರಲ್ಲಿ ಮುನಿವೆಂಕಟಮ್ಮ ಜನರನ್ನ ತಳ್ಳಿಕೊಂಡು ಬಂದಳು. ಕೈಗಳನ್ನ ನೋಡಿದಳು, ನನ್ನನ್ನ ನೋಡಿದಳು. "ಅವರೇ ತೆಗೀತಾವ್ರಂತೆ, ಇನ್ನು ನಂದೇನು?" ಅಂತ ಹಾರ ಎತ್ತಿದಳು. ಕೆಳಗಿನ ಸಾಲು ಕಾಣಿಸಿತು.

ಅನೀಸ್ ಓದಲಿಲ್ಲ. ಅವನು ಬೆಳಿಗ್ಗೆಯೇ ಓದಿ ಆಗಿತ್ತು. ಕಲ್ಲು ಹಿಡಿದಿದ್ದವನೇ ಅಕ್ಷರ ಕೂಡಿಸಿ ಓದಿದ: "ಆಪರೇಷನ್ ಆಗಿ... ಮನೆಗೆ ಬಂದರು." ಓದಿ, ಕೈಯಲ್ಲಿದ್ದ ಕಲ್ಲನ್ನ ಎಲ್ಲಿಡೋದು ಅಂತ ಗೊತ್ತಾಗದೆ ಜೇಬಿಗೆ ಹಾಕ್ಕೊಂಡ. ಆಮೇಲೆ ಶಿಳ್ಳೆ ಶುರುವಾಯಿತು. ಕ್ಯಾಸೆಟ್ ಅಂಗಡಿಯ ಶಟರ್ ಮೇಲೆ ಹೋಯಿತು, ಬೇಕರಿ ಹೋಯಿತು, ಆ ಸದ್ದು ಬಂದ ದಾರಿಯಲ್ಲೇ ವಾಪಸ್ಸು ಹೋಗೋದನ್ನ ನಾನು ಕಿವಿಯಾರೆ ಕೇಳಿದೆ.

ಬೈಲಪ್ಪನವರು ಗಂಟಲು ಸರಿಮಾಡಿಕೊಂಡರು. "ಬಂಧುಗಳೇ, ಈ ಸಂತೋಷದ ಸಂದರ್ಭದಲ್ಲಿ..." ಮುನಿವೆಂಕಟಮ್ಮ ಆ ಹಾರವನ್ನ ಅವರ ಕೊರಳಿಗೇ ಹಾಕಿಬಿಟ್ಟಳು. ಅವರು ತೆಗೆಯಲೇ ಇಲ್ಲ. ಸಂಜೆವರೆಗೂ ಹಾಕ್ಕೊಂಡು ಜೀಪಿನಲ್ಲಿ ಓಡಾಡಿದರು. ನೋಡಿದವರು ಏನಂದುಕೊಂಡರೋ ನನಗೆ ಗೊತ್ತಿಲ್ಲ.

ಅಂಜನಮೂರ್ತಿಗಳೇ, ಏನಾದ್ರೂ ಒಡೀಬೇಕು ಅಂದಿದ್ದಿರಲ್ಲ? ಒಡೆಯಿತು. ಗುಂಪು ಚದುರಿದ ಮೇಲೆ ಅನೀಸ್ ಚಾಚಿದ್ದ ಕೈ ಇಳಿಸಿದ. "ಯಾ ಅಲ್ಲಾ" ಅಂತ ನಿಟ್ಟುಸಿರು ಬಿಟ್ಟು ಹಿಂದೆ ನೋಡದೆ ಕೂತುಬಿಟ್ಟ. ಕೂತದ್ದು ಹಸಿರು ಬಳೆ ಡಬ್ಬದ ಮೇಲೆ. ಅವನೂ ನಾನೂ ಎಷ್ಟು ನಕ್ಕೆವು ಅಂದರೆ, ಮುನಿವೆಂಕಟಮ್ಮ ನೀರು ತಂದು ಕುಡಿಸಬೇಕಾಯಿತು. (ಪಕ್ಕದ ಬೀದಿಯಿಂದ ತಂದಳು. ನಮ್ಮ ಬೀದಿಯಲ್ಲಿ ಅವತ್ತೂ ಇರಲಿಲ್ಲ.)

೫

ಇಲ್ಲಿಗೆ ಮುಗಿಸಿ ಅಂತಾರೆ ಅಂಜನಮೂರ್ತಿಗಳು. ಆದರೆ ಮಾರನೇ ದಿನ ಬೆಳಿಗ್ಗೆ ಬಟ್ಟೆ ಹಿಡಿದು ಬೋರ್ಡು ಒರೆಸೋಕೆ ಹೋದಾಗ, ಕೆಳಗಿನ ಗೇಣು ಜಾಗದಲ್ಲಿ ದುಂಡಗೆ ಬರೆದಿತ್ತು:

"ಕೈ ಬಹಳ ಚೆನ್ನಾಗಿದೆ. ಮುಖ ಯಾರದು?"

ಹೀರೋನೇ ಬಂದು ಬರೆದು ಹೋದರು ಅಂತ ಮುನಿವೆಂಕಟಮ್ಮ ಇವತ್ತಿಗೂ ಆಣೆ ಮಾಡ್ತಾಳೆ. ಚಿನ್ನಪ್ಪ ಮೇಸ್ತ್ರಿ ಇರಬಹುದು ಅಂತ ನನಗೆ ಒಂದು ಗುಮಾನಿ. ಆಪರೇಷನ್ ಆದವರಿಗೆ ಅಷ್ಟು ಬಗ್ಗೋಕೆ ಆಗಲ್ಲ ಅಂತ ಅನೀಸ್ ವಾದ. ಅವನೇ ಬರೆದನೇನೋ, ಅಕ್ಷರ ಅಷ್ಟು ದುಂಡಗೆ ಅವನಿಗೆ ಬರ್ತಿತ್ತಾ ಅಂತ ಯೋಚಿಸ್ತೀನಿ.

"ಯಾರು ಅಂತ ತಿಳ್ಕೊಂಡು ಮುಗಿಸ್ರೀ ಪೀರಪ್ಪ, ಓದೋರಿಗೆ ಸಮಾಧಾನ ಆಗ್ಲಿ" ಅಂತಾರೆ ಅಂಜನಮೂರ್ತಿಗಳು. ಈಗ ಎರಡು ಸಾವಿರದ ಏಳು. ಹಬ್ಬಕ್ಕೂ ಸಾವಿಗೂ ಫ್ಲೆಕ್ಸ್ ಬಂದಿದೆ. ಇಷ್ಟು ವರ್ಷ ನಾನು ಯಾರನ್ನೂ ಕೇಳಿಲ್ಲ. ಮುಗೀತು ಅಂತ ಎಲ್ಲರೂ ಒಟ್ಟಿಗೆ ನಂಬಿದ್ದಕ್ಕೇ ತಾನೇ ಅವತ್ತು ಕಲ್ಲು ಕೈಗೆ ಬಂದಿದ್ದು? ನಾನು ಮುಗಿಸಲ್ಲ.

ಈ ಹಾಳೆಯಲ್ಲೂ ಕೆಳಗೆ ಒಂದು ಗೇಣು ಬಿಟ್ಟಿದ್ದೀನಿ. ಅಳಿಸೋ ಹಾಗಿಲ್ಲ, ನಿಯಮ ಗೊತ್ತಲ್ಲ. ಮುಖದ ವಿಷಯ ಮಾತ್ರ ಬೇಡ, ಅದು ನನಗೂ ಗೊತ್ತು